ಹಾಯಿಹಡಗಿನ ನಷ್ಟ ಯಾರದು?

(ಕೊಟ್ಟೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದ್ರದಿಂದ ಬಹುದೂರದ ಈ ಬಯಲು ಸೀಮೆಯಲ್ಲಿ ಹಾಯಿಹಡಗುಗಳ ಮಾತೇಕೆಂದು ನಿಮಗನ್ನಿಸಬಹುದು. ಆದರೆ ನಮ್ಮ ನೆರೆಯ ಹಂಪಿಯಿಂದ ಆಳಿದ ಅರಸರ ಸೇನಾಬಲವು ಆ ಹಡಗುಗಳನ್ನೇ ನೆಚ್ಚಿಕೊಂಡಿತ್ತು. ಅರಬ್ ನಾಡು ಮತ್ತು ಹೊರ್ಮುಝ್‌ನಿಂದ ಮುಸ್ಲಿಮ್ ವರ್ತಕರು ತಂದ ಕುದುರೆಗಳು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ರಾಜಧಾನಿಯನ್ನು ಸೇರುತ್ತಿದ್ದವು. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರದೇಶಕ್ಕೆ ಹೋಗುತ್ತಿದ್ದವು. ಹೆರಾತಿನ ರಾಯಭಾರಿ ಅಬ್ದುರ್ರಝಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದದ್ದು ಮಂಗಳೂರಿನಲ್ಲಿ ಹಡಗಿನಿಂದಿಳಿದೇ. ವಿಜಯನಗರದ ಚರಿತ್ರೆಯನ್ನು ಕೇವಲ ಧರ್ಮಗಳ ಕದನವೆಂದು ಓದುವವರ ಕಣ್ಣಿಗೆ ಈ ಹಡಗುಗಳು ಬೀಳುವುದಿಲ್ಲ.

ಆ ಪ್ರಯಾಣ ಸುಲಭದ್ದಾಗಿರಲಿಲ್ಲ. ಅನೇಕ ಅರಬ್ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದಲೇ ಹೊಲಿಯಲಾಗುತ್ತಿತ್ತು. ಗಾಳಿ ಅನುಕೂಲಿಸಿದರೆ ಮಾತ್ರ ದಾರಿ. ಎಷ್ಟೋ ಕುದುರೆಗಳು ನಡುಗಡಲಿನಲ್ಲೇ ಸಾಯುತ್ತಿದ್ದವು.

ಇಲ್ಲಿ ಪೋರ್ಚುಗೀಸ್ ವರ್ತಕ ನೂನಿಝ್ ದಾಖಲಿಸಿದ ಒಂದು ಸಂಗತಿ ಗಮನಾರ್ಹವಾಗಿದೆ. ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವರ್ತಕನು ಅದರ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು! ಇದು ಬರಿಯ ಔದಾರ್ಯವಲ್ಲ. ಕಡಲಿನ ನಷ್ಟವನ್ನೆಲ್ಲ ಒಬ್ಬನ ತಲೆಗೇ ಕಟ್ಟಿದರೆ ಮರುವರ್ಷ ಯಾರೂ ಹಾಯಿ ಬಿಚ್ಚಲಾರರೆಂಬ ವಿವೇಕ.

ಅರಬ್ ವರ್ತಕರಿಗೂ ಈ ವಿವೇಕ ಹೊಸದಲ್ಲ. ಮುಝಾರಬ ಎಂಬ ಪಾಲುದಾರಿಕೆಯಲ್ಲಿ ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭವನ್ನು ಮೊದಲೇ ಒಪ್ಪಿದಂತೆ ಹಂಚಿಕೊಳ್ಳುತ್ತಾರೆ. ದುಡಿದವನ ತಪ್ಪಿಲ್ಲದೆ ಸರಕು ಮುಳುಗಿದರೆ ಹಣ ಹೂಡಿದವನೇ ಆ ನಷ್ಟವನ್ನು ಹೊರುತ್ತಾನೆ, ದುಡಿದವನ ಶ್ರಮ ವ್ಯರ್ಥವಾಗುತ್ತದೆ. ಇಬ್ಬರೂ ಒಂದೇ ಹಡಗಿನಲ್ಲಿರುತ್ತಾರೆ.

ಇಂದಿನ ನಮ್ಮ ಪೇಟೆಗಳನ್ನು ನೋಡಿ. ತಳ್ಳುಗಾಡಿಯವನು ಮೀಟರ್ ಬಡ್ಡಿಗೆ ಹಣ ತರುತ್ತಾನೆ. ಮಳೆ ಬಂದು ಸಂತೆ ಕೆಟ್ಟರೆ ಅವನ ಹಣ್ಣು ಕೊಳೆಯುತ್ತದೆ, ಬಡ್ಡಿ ಮಾತ್ರ ಕೊಳೆಯುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅದು ಸ್ವಾಗತಾರ್ಹ. ಆದರೆ ಕಾನೂನು ಕಿರುಕುಳವನ್ನು ತಡೆಯಬಹುದೇ ಹೊರತು ನಷ್ಟದಲ್ಲಿ ಪಾಲು ತೆಗೆದುಕೊಳ್ಳದು. ಆ ಕೆಲಸ ನಮ್ಮದು.

ನಮ್ಮಲ್ಲಿ ಉಳ್ಳವರು ಮದುವೆಯ ಮಂಟಪಕ್ಕೆ ಸುರಿಯುವ ಹಣದ ಒಂದಂಶವನ್ನು ಒಬ್ಬ ದುಡಿಯುವ ಯುವಕನ ಅಂಗಡಿಯಲ್ಲಿ ಪಾಲಾಗಿ ಹೂಡಲಿ. ಕರಾರನ್ನು ಬರೆದಿಡಲಿ, ಲೆಕ್ಕವನ್ನು ತಿಂಗಳಿಗೊಮ್ಮೆ ನೋಡಲಿ. ಲಾಭ ಬಂದಾಗ ಪಾಲು ಕೇಳುವ ನಾವು ನಷ್ಟ ಬಂದಾಗ ಬಾಲವನ್ನು ಕಂಡು ಬೆಲೆ ಕೊಡಲು ಸಿದ್ಧರಿದ್ದೇವೆಯೇ? ಈ ಪ್ರಶ್ನೆಯನ್ನು ಪ್ರತಿಯೊಬ್ಬರೂ ಮನೆಗೆ ಕೊಂಡೊಯ್ಯಬೇಕೆಂದು ವಿನಂತಿಸುತ್ತೇವೆ.