ಗುರಿ ಮತ್ತು ಆನಿಕೆ



ನಮ್ಮ ಸಗರನಾಡಿನಲ್ಲಿ ಗುರಿಗಾರನ ಮಾತು ಬಂದಾಗಲೆಲ್ಲ ಜನ ಹೊಗಳುವುದು ಎರಡನ್ನು: ಅವನ ಕಣ್ಣನ್ನು, ಅವನ ಕೈಯನ್ನು. ಮೂರನೆಯದೊಂದು ಉಂಟು, ಅದನ್ನು ಯಾರೂ ಹೆಸರಿಸುವುದಿಲ್ಲ. ಬಂದೂಕು ಯಾವುದರ ಮೇಲೆ ಆನಿಕೊಂಡಿತ್ತು ಎಂಬುದೇ ಆ ಮೂರನೆಯ ಸಂಗತಿ. ಹಾಡುಗಾರನ ಬೆನ್ನಿಗೆ ಶ್ರುತಿ ಹೇಗೋ, ಗುರಿಗಾರನಿಗೆ ಆನಿಕೆ ಹಾಗೆ. ಅದು ಸರಿಯಿದ್ದಾಗ ಯಾರ ಗಮನಕ್ಕೂ ಬಾರದು. ತಪ್ಪಿದಾಗ ಮಾತ್ರ ಎಲ್ಲವೂ ಕೆಡುತ್ತದೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವುದರ ಜೊತೆಗೆ ಎನ್.ಸಿ.ಸಿ. ವಿದ್ಯಾರ್ಥಿಗಳನ್ನು ಗುರಿ ಅಭ್ಯಾಸಕ್ಕೆ ಕರೆದೊಯ್ಯುವ ಹೊಣೆಯೂ ಕೆಲವು ವರ್ಷ ನನ್ನ ಪಾಲಿಗೆ ಬಂದಿದ್ದರಿಂದ, ಈ ಅಲಕ್ಷಿತ ವಸ್ತುವಿನ ಪರವಾಗಿ ನಾಲ್ಕು ಮಾತು ಆಡಬೇಕೆನಿಸಿದೆ.

ಪ್ರಾಚೀನರು ಇದನ್ನು ಅರಿತಿದ್ದರು. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಸಮಪದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಎಂಬ ನಿಲುವುಗಳ ವಿವರಣೆಯಿದೆ. ಬಾಣ ಹಾರುವುದು ಕೈಯಿಂದ; ಆದರೆ ಶಾಸ್ತ್ರಕಾರ ಪಾದಗಳ ಅಂತರವನ್ನೂ ಮಂಡಿಯ ಬಾಗನ್ನೂ ಬಿಡದೆ ಹೇಳುತ್ತಾನೆ. ನೆಲವೇ ಮೊದಲ ಆನಿಕೆ ಎಂಬುದು ಇದರ ತಾತ್ಪರ್ಯ.

ಬಿಲ್ಲು ಹೋಗಿ ಬತ್ತಿಯ ಕೋವಿ ಬಂದ ಮೇಲೆ ಆನಿಕೆಯ ಅಗತ್ಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆ ಕೋವಿಗಳ ನಳಿಗೆ ಉದ್ದ, ಭಾರ ಬಹಳ. ಅದಕ್ಕಿಂತ ದೊಡ್ಡ ತೊಡಕು ಬೇರೊಂದು. ಉರಿಯುವ ಬತ್ತಿ ಕಿವಿಯ ಮದ್ದಿಗೆ ತಗುಲಿ, ಆ ಕಿಡಿ ಒಳಗಿನ ಮದ್ದನ್ನು ಮುಟ್ಟಿ, ಗುಂಡು ಹೊರಬೀಳುವುದರೊಳಗೆ ಒಂದು ಕ್ಷಣ ಕಳೆಯುತ್ತದೆ. ಆ ಕ್ಷಣವಿಡೀ ನಳಿಗೆ ಅಲುಗದೆ ನಿಲ್ಲಬೇಕು. ಬರಿಗೈಗೆ ಅದು ದುಸ್ಸಾಧ್ಯ. ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪಿನ ಕೋವಿಗಾರರು ತುದಿಯಲ್ಲಿ ಕವಲೊಡೆದ ಊರುಗೋಲೊಂದನ್ನು ಹೊತ್ತು ನಡೆಯುತ್ತಿದ್ದುದು ಇದೇ ಕಾರಣಕ್ಕೆ.

ಸಗರನಾಡಿಗೆ ಆ ಊರುಗೋಲನ್ನು ಪ್ರಕೃತಿಯೇ ಕೊಟ್ಟಿತ್ತು. ಸುರಪುರ, ಶಹಾಪುರ, ಯಾದಗಿರಿಗಳ ಬೆಟ್ಟಗಳನ್ನು ಬಲ್ಲವರಿಗೆ ಅಲ್ಲಿ ಬಂಡೆಯ ಮೇಲೆ ಬಂಡೆ ಕುಳಿತಿರುವ ಪರಿ ಗೊತ್ತು. 1705ರಲ್ಲಿ ಎಂಬತ್ತಾರರ ಮುದುಕ ಔರಂಗಜೇಬ ಸುರಪುರದ ಬಳಿಯ ವಾಗಣಗೇರಾ ಕೋಟೆಯನ್ನು ಸ್ವತಃ ಮುತ್ತಿದ. ಅದು ಅವನ ಕೊನೆಯ ಮುತ್ತಿಗೆ. ಫೆಬ್ರವರಿಯಲ್ಲಿ ತೊಡಗಿ ಏಪ್ರಿಲ್ ಕೊನೆಯವರೆಗೆ ನಡೆದ ಆ ಯುದ್ಧದಲ್ಲಿ ಪಿಡ್ಡನಾಯಕನ ಬೇಡರು ಮೊಗಲ್ ಸೇನೆಯನ್ನು ತಡೆದು ನಿಲ್ಲಿಸಿದರು. ಕಡೆಗೆ ಕೋಟೆ ಕೈಗೆ ಬಂದಾಗ ನಾಯಕನು ರಾತ್ರೋರಾತ್ರಿ ಅದನ್ನು ತೆರವು ಮಾಡಿ ಹೋಗಿದ್ದ. ಔರಂಗಜೇಬನ ಚರಿತ್ರೆ ಬರೆದ ಜದುನಾಥ ಸರ್ಕಾರರು ಬೇಡರನ್ನು ನುರಿತ ಗುರಿಗಾರರೆಂದೇ ಚಿತ್ರಿಸಿದ್ದಾರೆ. ಆ ಕೀರ್ತಿ ಕಣ್ಣಿಗೂ ಕೈಗೂ ಸಲ್ಲತಕ್ಕದ್ದೇ. ಆದರೆ ಬಂಡೆಯ ಮರೆ ಮೈಗೆ ರಕ್ಷೆಯಾದರೆ ಅದೇ ಬಂಡೆಯ ಅಂಚು ಕೋವಿಗೆ ಆನಿಕೆಯಾಗುತ್ತದೆಂಬುದನ್ನು ಊಹಿಸಲು ಯುದ್ಧಶಾಸ್ತ್ರದ ಪಾಂಡಿತ್ಯ ಬೇಡ. ಆ ಗುಡ್ಡವನ್ನೊಮ್ಮೆ ಏರಿದರೆ ಸಾಕು.

ಇನ್ನು ಇಂದಿನ ಗುರಿಯಾಟಕ್ಕೆ ಬರೋಣ. ಪರವಾನಗಿಯುಳ್ಳ ಬಂದೂಕನ್ನು, ಅನುಮತಿಯುಳ್ಳ ಗುರಿಮೈದಾನದಲ್ಲಿ, ಬಲ್ಲವರ ಎದುರಿನಲ್ಲಿ ಮಾತ್ರ ಆಡತಕ್ಕ ಆಟವಿದು. ಇದರಲ್ಲಿ ಮೇಜಿನ ಮುಂದೆ ಕುಳಿತು ಎರಡು ಆನಿಕೆಗಳ ಮೇಲೆ ಬಂದೂಕನ್ನಿಟ್ಟು ಹೊಡೆಯುವ ಪದ್ಧತಿಯೊಂದಿದೆ. ಮುಂದಿನ ಆನಿಕೆ ನಳಿಗೆಯ ಕೆಳಗಿರುವ ಮರಕ್ಕೆ. ಹಿಂದಿನದು ಹೆಗಲಿಗೆ ಒತ್ತುವ ಮರಕ್ಕೆ. ನಳಿಗೆಯನ್ನೇ ನೇರವಾಗಿ ಆನಿಕೆಯ ಮೇಲೆ ಇಡಲಾಗದು. ಗುಂಡು ಹೊರಡುವಾಗ ನಳಿಗೆ ತಂತಿಯಂತೆ ಮಿಡಿಯುತ್ತದೆ. ಆ ಮಿಡಿತಕ್ಕೆ ಅಡ್ಡ ಬಂದರೆ ಗುಂಡಿನ ದಾರಿ ಬದಲಾಗುತ್ತದೆ. ಬರಿಯ ಕಲ್ಲಿನ ಮೇಲೋ ಕಬ್ಬಿಣದ ಮೇಲೋ ಇಟ್ಟರೆ ಬಂದೂಕು ಪುಟಿಯುತ್ತದೆ. ಬಂಡೆಯ ಅಂಚಿನ ಮೇಲೆ ರುಮಾಲನ್ನು ಮಡಿಸಿ ಹಾಕಿದರೂ ಸಾಕು, ಅದರ ಗುಣವೇ ಬೇರೆಯಾಗುತ್ತದೆ.

ಆದ್ದರಿಂದ ಆನಿಕೆಗೆ ಬೇಕಾದದ್ದು ಗಟ್ಟಿಯಾದ ಮೃದುತ್ವ. ದಪ್ಪ ಬಟ್ಟೆಯ ಅಥವಾ ತೊಗಲಿನ ಚೀಲದಲ್ಲಿ ತೊಳೆದು, ಒಣಗಿಸಿ, ಜರಡಿ ಹಿಡಿದ ಉಸುಕನ್ನು ತುಂಬುವುದು ಸುಲಭದ ಉಪಾಯ. ಕಾಳು ತುಂಬಿದರೆ ಚೀಲ ಹಗುರವಾಗುತ್ತದೆ, ಹುಳಕ್ಕೂ ಇಲಿಗೂ ಆಹಾರವಾಗುತ್ತದೆ. ಉಸುಕನ್ನು ಬಿಗಿಯಾಗಿ ತುರುಕಿದರೆ ಚೀಲ ಕಲ್ಲಾಗುವುದು; ಸಡಿಲ ಬಿಟ್ಟರೆ ಹೊಡೆತಕ್ಕೊಮ್ಮೆ ಕುಸಿಯುವುದು. ಮುಷ್ಟಿಯಿಂದ ಗುದ್ದಿದಾಗ ಗುರುತು ಮೂಡಿ ಹಾಗೆಯೇ ಉಳಿಯಬೇಕು, ಅದೇ ಹದ. ಹಿಂದಿನ ಚೀಲಕ್ಕೆ ಮೊಲದ ಕಿವಿಗಳಂತೆ ಎರಡು ಏಣುಗಳನ್ನು ಹೊಲಿದು, ಅವುಗಳ ನಡುವೆ ಮರ ಕೂರುವಂತೆ ಮಾಡುತ್ತಾರೆ. ಮುಂದಿನ ಆನಿಕೆಯನ್ನು ಎತ್ತಿ ಇಳಿಸಿ ಗುರಿಯನ್ನು ಸಮೀಪಕ್ಕೆ ತರುವುದು, ಹಿಂದಿನ ಚೀಲವನ್ನು ಬೆರಳುಗಳಿಂದ ಮೆಲ್ಲನೆ ಹಿಸುಕಿ ಕೂದಲೆಳೆಯಷ್ಟು ತಿದ್ದುವುದು ಕ್ರಮ.

ಮುಂದಿನ ಆನಿಕೆಯ ಪೀಠಕ್ಕೆ ಮೂರು ಕಾಲುಗಳಿರುವುದು ಲೇಸು. ನಮ್ಮ ಹೆಣ್ಣುಮಕ್ಕಳು ಹೊಲದಲ್ಲಿ ಒಲೆ ಹೂಡುವಾಗ ಮೂರೇ ಕಲ್ಲು ಇಡುತ್ತಾರೆ. ನೆಲ ಎಷ್ಟೇ ಏರುಪೇರಾಗಿರಲಿ, ಮೂರು ಕಲ್ಲಿನ ಮೇಲೆ ಕೂತ ಗಡಿಗೆ ಕುಂಟುವುದಿಲ್ಲ. ನಾಲ್ಕನೆಯದು ಬಂದೊಡನೆ ಕುಂಟಲು ಅವಕಾಶ ಸಿಕ್ಕಿತು. ರೇಖಾಗಣಿತದ ಪುಸ್ತಕ ಹೇಳುವುದೂ ಇದನ್ನೇ.

ಎರಡು ಆನಿಕೆಗಳೂ ಗುರಿಯೂ ಒಂದೇ ಗೆರೆಯಲ್ಲಿರಬೇಕು. ಇದನ್ನು ಪರೀಕ್ಷಿಸುವ ಬಗೆ ಸರಳ. ಬಂದೂಕು ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ಗುರಿಕಣ್ಣಿನಲ್ಲಿ ನೋಡುತ್ತ, ಅದನ್ನು ಆನಿಕೆಗಳ ಮೇಲೆ ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಜಾರಿಸಬೇಕು. ನೋಟ ನೇರ ಮೇಲೆ ಕೆಳಗೆ ಮಾತ್ರ ಚಲಿಸಿದರೆ ಸರಿ. ಎಡಕ್ಕೋ ಬಲಕ್ಕೋ ವಾಲಿದರೆ ಹಿಂದಿನ ಚೀಲ ಓರೆಯಾಗಿದೆಯೆಂದು ಅರ್ಥ. ಆಮೇಲೆ ಖಾಲಿ ಬಂದೂಕಿನ ಕುದುರೆ ಎಳೆದು ನೋಡಬೇಕು, ನೋಟ ಅಲುಗಬಾರದು. ಪ್ರತಿ ಹೊಡೆತದ ಅನಂತರವೂ ಬಂದೂಕು ಮೊದಲಿನ ಸ್ಥಾನಕ್ಕೇ ಮರಳಬೇಕು.

ಇಷ್ಟೊಂದು ಸೂಕ್ಷ್ಮತೆ ಏಕೆ ಎನ್ನುವಿರಾ? ಲೆಕ್ಕ ಹಾಕೋಣ. ಎರಡು ಆನಿಕೆಗಳ ನಡುವೆ ಅರ್ಧ ಮೀಟರ್ ಅಂತರವಿದೆ, ಗುರಿ 50 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಮುಂದಿನದು ಸ್ಥಿರವಾಗಿದ್ದು ಹಿಂದಿನದು ಒಂದೇ ಒಂದು ಮಿಲಿಮೀಟರ್ ಸರಿದರೆ, ಆ ಸಣ್ಣ ತಪ್ಪು ಅಲ್ಲಿ ನೂರು ಪಟ್ಟಾಗಿ ಹತ್ತು ಸೆಂಟಿಮೀಟರ್ ಆಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ನಡುವೃತ್ತದ ವ್ಯಾಸ 10.4 ಮಿಲಿಮೀಟರ್; ಹತ್ತು ವೃತ್ತಗಳ ಒಟ್ಟು ವ್ಯಾಸ 154.4 ಮಿಲಿಮೀಟರ್. ನಡುವಿನಿಂದ ಹತ್ತು ಸೆಂಟಿಮೀಟರ್ ಸರಿದ ಗುಂಡು ಕಟ್ಟಕಡೆಯ ವೃತ್ತವನ್ನೂ ಮುಟ್ಟದೆ ಹೊರಗೆ ಬೀಳುತ್ತದೆ. ಒಂದು ಮಿಲಿಮೀಟರಿನ ತಪ್ಪಿಗೆ ಇಷ್ಟು ದೊಡ್ಡ ದಂಡ!

ಹಾಗಾದರೆ ಆನಿಕೆ ಕಟ್ಟಿಕೊಟ್ಟರೆ ಯಾರು ಬೇಕಾದರೂ ಗುರಿಗಾರರಾಗಬಹುದೆ, ಇದರಲ್ಲಿ ಮನುಷ್ಯನ ಹೆಚ್ಚುಗಾರಿಕೆ ಏನು, ಎಂದು ಕೇಳುವವರುಂಟು. ನನ್ನ ಮುಖ್ಯವಾದ ಮಾತು ಇಲ್ಲಿದೆ. ಆನಿಕೆ ತಪ್ಪನ್ನು ಮುಚ್ಚುವುದಿಲ್ಲ, ಬಯಲಿಗೆಳೆಯುತ್ತದೆ. ಬರಿಗೈಯಲ್ಲಿ ಹೊಡೆದು ಗುರಿ ತಪ್ಪಿದ ಹುಡುಗನಿಗೆ ನೆಪಗಳು ನೂರು: ಬಂದೂಕು ಸರಿಯಿಲ್ಲ, ಗುಂಡು ಹಳೆಯದು, ಗಾಳಿ ಬೀಸಿತು. ಗುರುವಿಗಾದರೂ ಯಾವುದು ನಿಜವೆಂದು ಹೇಳಲಾಗದು. ಅದೇ ಬಂದೂಕನ್ನು ಎರಡು ಆನಿಕೆಗಳ ಮೇಲೆ ಕೂರಿಸಿ ಐದು ಗುಂಡು ಹೊಡೆಯಲಿ. ಐದೂ ಒಂದೆಡೆ ಗುಂಪಾಗಿ ಬಿದ್ದು ನಡುವಿನಿಂದ ದೂರವಿದ್ದರೆ ಗುರಿಕಣ್ಣನ್ನು ತಿದ್ದಬೇಕು. ಚದುರಿ ಬಿದ್ದರೆ ಬಂದೂಕನ್ನೋ ಗುಂಡನ್ನೋ ಆನಿಕೆಯನ್ನೋ ಶಂಕಿಸಬೇಕು. ಗುಂಪು ನಡುವಿನಲ್ಲಿಯೇ ಬಿದ್ದರೆ, ಮಗು, ಇನ್ನು ತಿದ್ದಬೇಕಾದದ್ದು ನಿನ್ನ ಉಸಿರು ಮತ್ತು ನಿನ್ನ ಬೆರಳು ಎನ್ನಬಹುದು. ವಸ್ತುವಿನ ದೋಷವನ್ನು ಮನುಷ್ಯನ ತಲೆಗೆ ಕಟ್ಟದೆ, ಮನುಷ್ಯನ ದೋಷವನ್ನು ವಸ್ತುವಿಗೆ ಆರೋಪಿಸದೆ ನ್ಯಾಯ ಹೇಳುವ ಸಾಕ್ಷಿ ಅದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ಒಲಿಂಪಿಕ್ ಪಂದ್ಯಗಳಲ್ಲಿ ಇಂಥ ಆನಿಕೆಗೆ ಅವಕಾಶವಿಲ್ಲ, ನಿಜ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ನಿಂತುಕೊಂಡೇ ಹೊಡೆದರು. ಆದರೆ ನಿಂತ ಗುರಿಗಾರನನ್ನು ಗಮನಿಸಿ ನೋಡಿ: ಬಂದೂಕಿನ ಭಾರ ಕೈಯಿಂದ ಮೊಣಕೈಗೆ, ಮೊಣಕೈಯಿಂದ ಸೊಂಟದ ಎಲುಬಿಗೆ, ಅಲ್ಲಿಂದ ಪಾದಕ್ಕೆ ಇಳಿಯುತ್ತದೆ. ಸ್ನಾಯು ದಣಿದು ನಡುಗುವುದು, ಎಲುಬು ನಡುಗದು. ಅವನು ತನ್ನ ದೇಹವನ್ನೇ ಆನಿಕೆಯಾಗಿ ಕಟ್ಟಿಕೊಂಡಿರುತ್ತಾನೆ.

ಹೊರಗಿನ ಆನಿಕೆಯ ಘನತೆಯನ್ನು ಒಪ್ಪಿಕೊಂಡ ಸ್ಪರ್ಧೆಯೂ ಉಂಟು. ಪ್ಯಾರಾಲಿಂಪಿಕ್ ಗುರಿಯಾಟದಲ್ಲಿ, ಬಂದೂಕಿನ ಭಾರ ಹೊರುವಷ್ಟು ಶಕ್ತಿ ತೋಳಿನಲ್ಲಿಲ್ಲದವರಿಗೆ ಎಸ್.ಎಚ್. 2 ಎಂಬ ವರ್ಗವಿದೆ. ಅವರ ಬಂದೂಕನ್ನು ಸ್ಪ್ರಿಂಗ್ ಅಳವಡಿಸಿದ ಕಂಬವೊಂದು ಹೊರುತ್ತದೆ. ಭಾರ ಕಂಬದ್ದು, ಗುರಿಯನ್ನು ನಿಲ್ಲಿಸಬೇಕಾದವರು ಸ್ಪರ್ಧಿಯೇ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಈ ವರ್ಗದಲ್ಲಿ 2022ರಲ್ಲಿ ಫ್ರಾನ್ಸಿನ ಶಾತೋರೂ ವಿಶ್ವಕಪ್ಪಿನಲ್ಲಿ ಚಿನ್ನ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ದೇಶವನ್ನು ಪ್ರತಿನಿಧಿಸಿದರು. ಆ ಕಂಬವನ್ನು ನೋಡಿ ಇದೇನು ದೊಡ್ಡ ಗುರಿ ಎನ್ನುವವರಿದ್ದರೆ, ಅವರು ಗುರಿ ಎಂದರೇನೆಂಬುದನ್ನೇ ತಿಳಿದಿಲ್ಲ.

ಆಸರೆ ಬೇಡುವುದನ್ನು ನಾವು ದೌರ್ಬಲ್ಯವೆಂದು ಎಣಿಸುತ್ತ ಬಂದಿದ್ದೇವೆ. ತರುಣನಿಗೆ ತನ್ನ ಕಾಲ ಮೇಲೆ ತಾನು ನಿಲ್ಲು ಎಂದು ಉಪದೇಶಿಸುವಾಗ ಕಾಲ ಕೆಳಗೆ ನೆಲವೊಂದಿರಬೇಕೆಂಬುದನ್ನು ಮರೆಯುತ್ತೇವೆ. ಒಳ್ಳೆಯ ಆನಿಕೆ ಬಿಗಿಹಿಡಿಯುವುದಿಲ್ಲ. ಸರಿಯಲು ಬಿಟ್ಟು, ಮತ್ತೆ ಮೊದಲಿನ ಸ್ಥಾನಕ್ಕೆ ಬರಮಾಡಿಕೊಳ್ಳುತ್ತದೆ. ಮುಂದೊಂದು, ಹಿಂದೊಂದು, ಎರಡೂ ಗುರಿಯ ಗೆರೆಯಲ್ಲಿ. ಅಷ್ಟನ್ನು ಅಣಿಮಾಡಿ ಕೊಡುವುದು ಹಿರಿಯರ ಕೆಲಸ. ಕುದುರೆ ಎಳೆಯುವ ಬೆರಳು ಮಾತ್ರ ಎಂದಿಗೂ ಅವರವರದೇ.