ರಾಜಿ ಮಾಡಿಸುವುದು ಬೇರೆ, ಮಣಿಸುವುದು ಬೇರೆ



ವ್ಯಾಜ್ಯಕ್ಕಿಂತ ರಾಜಿ ಲೇಸು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಇಂದು ರಾಜಿಯ ಹೆಸರಿನಲ್ಲಿ ನಡೆಯುವ ಒತ್ತಡದ ಕುರಿತು ನಾವು ಗಂಭೀರವಾಗಿ ಚಿಂತಿಸಬೇಕಾಗಿದೆ.

ಮಧ್ಯಸ್ಥರು ಉಭಯ ಪಕ್ಷಗಳನ್ನು ಪ್ರತ್ಯೇಕವಾಗಿ ಕರೆದು ಮಾತನಾಡುವುದು ಸಹಜ. ಒತ್ತಡ ನುಸುಳುವುದೂ ಅಲ್ಲಿಯೇ. 'ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ, ವಕೀಲರ ಶುಲ್ಕಕ್ಕೆ ಮನೆ ಮಾರಬೇಕಾದೀತು, ಸಿಕ್ಕಿದ್ದನ್ನು ತೆಗೆದುಕೊಳ್ಳಿ' ಎನ್ನಲಾಗುತ್ತದೆ. ಕಾಯುವ ಶಕ್ತಿಯುಳ್ಳ ಹಣವಂತನಿಗೆ ಈ ಮಾತು ತಟ್ಟದು, ಬಡವನು ಕುಗ್ಗಿಹೋಗುತ್ತಾನೆ. ಆಸ್ತಿಯಲ್ಲಿ ತನ್ನ ಪಾಲು ಕೇಳಿದ ಸಹೋದರಿಗಂತೂ 'ನಿನಗೆ ತವರುಮನೆ ಬೇಡವೇ?' ಎಂಬ ಪ್ರಶ್ನೆ ಎದುರಾಗುತ್ತದೆ.

ಲೋಕ ಅದಾಲತ್‌ನಲ್ಲಿ ಹಾಕುವ ಸಹಿಯ ಭಾರವನ್ನು ಅನೇಕರು ಅರಿಯರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅಲ್ಲಿನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದಕ್ಕೆ ಮೇಲ್ಮನವಿ ಇಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದಾದರೂ ಅದು ಅತ್ಯಂತ ಸೀಮಿತ ಕಾರಣಗಳಿಗೆ ಮಾತ್ರ. ಲೋಕ ಅದಾಲತ್ತಿನ ಕೆಲಸ ರಾಜಿ ಮಾಡಿಸುವುದೇ ಹೊರತು ನ್ಯಾಯಾಲಯದಂತೆ ತೀರ್ಪು ಕೊಡುವುದಲ್ಲವೆಂದು ಸುಪ್ರೀಮ್ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿದೆ. ಒಪ್ಪಿಗೆಯಾಗದಿದ್ದರೆ ನ್ಯಾಯಾಲಯದಿಂದ ಬಂದ ಪ್ರಕರಣ ಅಲ್ಲಿಗೇ ಮರಳುತ್ತದೆ. ನಿರಾಕರಿಸಿದವರ ಹಕ್ಕು ಅಳಿಯುವುದಿಲ್ಲ.

ಆದ್ದರಿಂದ ಷರತ್ತುಗಳನ್ನು ನಮ್ಮ ಭಾಷೆಯಲ್ಲಿ ಓದಿಸಿಕೊಳ್ಳೋಣ, ನಮ್ಮ ವಕೀಲರನ್ನು ಕೇಳೋಣ, ಅನಂತರವೇ ಸಹಿ ಹಾಕೋಣ.

ಜಮಾಅತ್‌ಗಳಲ್ಲಿ ಮಧ್ಯಸ್ಥರಾಗಿ ಕುಳಿತುಕೊಳ್ಳುವ ನಾವೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ಪಾಲು ಕೇಳಿ ಬಂದ ಆ ಸಹೋದರಿ 'ಈ ರಾಜಿ ನನಗೆ ಒಪ್ಪಿಗೆಯಿಲ್ಲ' ಎಂದಾಗ, ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನಮ್ಮಲ್ಲಿದೆಯೇ?