ಗಿಯರಿನ ಹಲ್ಲು ಬದಲಿಸಿದರೆ ಡೀಸೆಲ್ ಉಳಿಯುವುದೇ?

(ಬಳಗದ ಮಾಸಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಮಣ್ಣು, ಗೊಬ್ಬರಗಳ ವಿಚಾರ ಹೇಳುವ ನನ್ನನ್ನು ಈ ದಿನ ವಾಹನದ ಗಿಯರಿನ ಬಗ್ಗೆ ಮಾತನಾಡಲು ಕರೆದಿದ್ದೀರಿ. ಕಾರಣ ತಮಗೆ ತಿಳಿದೇ ಇದೆ. ಬೆಳೆಗಾರರೆಲ್ಲ ಕೂಡಿ ಕೊಂಡ ಪಿಕಪ್ ವಾಹನದ ಹಿಂದಿನ ಆಕ್ಸಲಿನ ಕ್ರೌನ್ ಮತ್ತು ಪಿನಿಯನ್ ಚಕ್ರಗಳನ್ನು ಬದಲಿಸಿದರೆ ಡೀಸೆಲ್ ಉಳಿಯುತ್ತದೆಂಬ ಸಲಹೆ ಬಂದಿದೆ. ಅದರ ವೆಚ್ಚ ಎಲ್ಲರ ವಂತಿಗೆಯಿಂದಲೇ ಬರಬೇಕು. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೀಗಾಗಿ ಈ ಪ್ರಶ್ನೆ ನಮ್ಮ ಜೇಬಿಗೂ ಸಂಬಂಧಿಸಿದ್ದು, ನಮ್ಮ ಚಳವಳಿಗೂ ಸಂಬಂಧಿಸಿದ್ದು.

ಮೊದಲು ಆಕ್ಸಲ್ ಅನುಪಾತವೆಂದರೇನು ಎಂಬುದನ್ನು ನೋಡೋಣ. ಎಂಜಿನ್ನಿನ ತಿರುಗುವಿಕೆ ಗಿಯರ್ ಪೆಟ್ಟಿಗೆಯನ್ನು ದಾಟಿ ಉದ್ದದ ಶಾಫ್ಟಿನ ಮೂಲಕ ಹಿಂದಿನ ಆಕ್ಸಲಿಗೆ ಬರುತ್ತದೆ. ಅಲ್ಲಿ ಚಿಕ್ಕ ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ಅನುಪಾತ 4.1. ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 4.1 ಸುತ್ತು ತಿರುಗಬೇಕು. ಪಿನಿಯನ್ನಿಗೆ 11 ಹಲ್ಲು ಇದ್ದರೆ ಅನುಪಾತ 3.73 ಆಗುತ್ತದೆ. ಆಗ ಅದೇ ವೇಗಕ್ಕೆ ಎಂಜಿನ್ ಶೇಕಡಾ 9ರಷ್ಟು ಕಡಿಮೆ ತಿರುಗಿದರೆ ಸಾಕು. ನಮಗೆ ಬಂದಿರುವ ಸಲಹೆಯ ತಿರುಳು ಇದೇ.

ಈ ಸಲಹೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಎಂಜಿನ್ ನಿಧಾನವಾಗಿ ತಿರುಗಿದಾಗ ಅದರ ಒಳಗಿನ ಘರ್ಷಣೆಗೆ ವ್ಯಯವಾಗುವ ಶಕ್ತಿ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಒಂದೇ ಮಾದರಿಯ ಪಿಕಪ್ಪನ್ನು ಬೇರೆ ಬೇರೆ ಅನುಪಾತಗಳಲ್ಲಿ ಮಾರುತ್ತಾರೆ. ಫೋರ್ಡ್ ಎಫ್-150 ವಾಹನಕ್ಕೆ 3.31, 3.55, 3.73 ಎಂಬ ಆಯ್ಕೆಗಳಿದ್ದುದುಂಟು. ಸಮತಟ್ಟಾದ ಹೆದ್ದಾರಿಯಲ್ಲಿ ಹಗುರವಾಗಿ ಓಡಿಸುವವರಿಗೆ ಚಿಕ್ಕ ಸಂಖ್ಯೆ, ಭಾರ ಎಳೆಯುವವರಿಗೆ ದೊಡ್ಡ ಸಂಖ್ಯೆ ಎಂಬುದು ಅಲ್ಲಿನ ರೂಢಿ. ಆದರೆ ಎಂಜಿನ್ನಿನ ಸುತ್ತು ಶೇಕಡಾ 9ರಷ್ಟು ಇಳಿದರೆ ಇಂಧನವೂ ಅಷ್ಟೇ ಇಳಿಯುವುದಿಲ್ಲ. ಗಾಳಿಯನ್ನು ಸೀಳಲು, ಟಯರನ್ನು ಉರುಳಿಸಲು ಬೇಕಾದ ಶಕ್ತಿ ಹಾಗೆಯೇ ಉಳಿಯುತ್ತದೆ. ಹೆದ್ದಾರಿಯಲ್ಲಿಯೂ ಉಳಿತಾಯ ಕೆಲವೇ ಪ್ರತಿಶತದ್ದು. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನಿನಲ್ಲಿ ಅದು ಇನ್ನೂ ಕಡಿಮೆ.

ನಮ್ಮ ರಸ್ತೆ ಹೆದ್ದಾರಿಯಲ್ಲ, ಘಟ್ಟದ ರಸ್ತೆ. ಇಲ್ಲಿಯ ಲೆಕ್ಕವೇ ಬೇರೆ. ವಾಹನ ಮತ್ತು ಹೊರೆ ಸೇರಿ 3,000 ಕಿಲೋಗ್ರಾಂ ತೂಕ, ಏರಬೇಕಾದ ಎತ್ತರ 500 ಮೀಟರ್ ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಗಳು ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಲಿ: 147 ಲಕ್ಷ ಜೂಲ್ ಬರುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 360 ಲಕ್ಷ ಜೂಲ್ ಶಕ್ತಿಯಿದೆ. ಅದರಲ್ಲಿ ಶೇಕಡಾ 30 ಚಕ್ರಕ್ಕೆ ದಕ್ಕಿತೆಂದರೆ, ಎತ್ತರ ಏರುವುದಕ್ಕೇ ಸುಮಾರು 1.36 ಲೀಟರ್ ಬೇಕು. ಈ ಲೆಕ್ಕದಲ್ಲಿ ತೂಕವಿದೆ, ಎತ್ತರವಿದೆ. ಕ್ರೌನಿನ ಹಲ್ಲು ಎಲ್ಲಿಯೂ ಇಲ್ಲ. ಬೆಟ್ಟವು ತನಗೆ ಸಲ್ಲಬೇಕಾದ ಸುಂಕವನ್ನು ಯಾವ ಗಿಯರಿನಲ್ಲಿ ಹೋದರೂ ವಸೂಲು ಮಾಡುತ್ತದೆ.

ಬದಲಾವಣೆಯಿಂದ ನಷ್ಟವೂ ಆದೀತು. ಈಗ ಒಂದು ಏರನ್ನು ಮೂರನೆಯ ಗಿಯರಿನಲ್ಲಿ ಹತ್ತುತ್ತೇವೆನ್ನಿ. ಗಿಯರ್ ಪೆಟ್ಟಿಗೆಯಲ್ಲಿ ಮೂರನೆಯದರ ಅನುಪಾತ 1.5, ಎರಡನೆಯದರದು 2.3 ಇದ್ದರೆ, ಆಕ್ಸಲ್ ಸೇರಿ ಒಟ್ಟು ಅನುಪಾತ 6.15. ಹಲ್ಲು ಬದಲಿಸಿದ ಮೇಲೆ ಮೂರನೆಯದರ ಒಟ್ಟು ಅನುಪಾತ 5.6ಕ್ಕೆ ಇಳಿದು ಎಳೆತ ಸಾಲದೆ ಹೋದರೆ, ಚಾಲಕ ಎರಡಕ್ಕೆ ಇಳಿಸಲೇಬೇಕು. ಆಗ ಒಟ್ಟು ಅನುಪಾತ 8.6ರ ಸಮೀಪ. ಅದೇ ವೇಗಕ್ಕೆ ಎಂಜಿನ್ ಹಿಂದಿಗಿಂತ ಶೇಕಡಾ 40ರಷ್ಟು ಹೆಚ್ಚು ತಿರುಗುತ್ತದೆ. ಉಳಿಸಲು ಹೋದವರು ಹೆಚ್ಚು ಸುಟ್ಟಂತಾಯಿತು.

ಇದಕ್ಕಿಂತಲೂ ಗಂಭೀರವಾದುದು ಇಳಿಜಾರಿನ ಪ್ರಶ್ನೆ. ಹೊರೆ ಹೊತ್ತು ಘಟ್ಟ ಇಳಿಯುವಾಗ ನಮ್ಮನ್ನು ಕಾಯುವುದು ಬ್ರೇಕು ಮಾತ್ರವಲ್ಲ, ಎಂಜಿನ್ನಿನ ತಡೆಯೂ ಹೌದು. ಆಕ್ಸಲ್ ಅನುಪಾತ ಕಡಿಮೆಯಾದರೆ ಅದೇ ಗಿಯರಿನಲ್ಲಿ ಆ ತಡೆ ಕುಗ್ಗುತ್ತದೆ. ಹಳೆಯ ಅಭ್ಯಾಸದಂತೆ ಇಳಿಯುವ ಚಾಲಕ ಬ್ರೇಕನ್ನು ಹೆಚ್ಚು ತುಳಿಯುತ್ತಾನೆ, ಡ್ರಮ್ಮುಗಳು ಕಾಯುತ್ತವೆ, ಕಾದ ಬ್ರೇಕು ಹಿಡಿಯುವುದಿಲ್ಲ. ಮಳೆಗಾಲದ ತಿರುವಿನಲ್ಲಿ ಇದರ ಅರ್ಥವೇನೆಂದು ತಮಗೆ ನಾನು ಹೇಳಬೇಕಾಗಿಲ್ಲ.

“ಅನುಪಾತ ಹೆಚ್ಚಿಸಿದ ಮೇಲೆ ಎಳೆತವೂ ಬಂತು, ಮೈಲೇಜೂ ಬಂತು” ಎಂದು ಹೇಳಿದವರೂ ನನಗೆ ಸಿಕ್ಕಿದ್ದಾರೆ. ಎಳೆತ ಬಂದದ್ದು ನಿಜ. ಮೈಲೇಜಿನ ಮಾತು ಬೇರೆ. ಅನೇಕ ವಾಹನಗಳಲ್ಲಿ ಕಿಲೋಮೀಟರ್ ಎಣಿಸುವ ಯಂತ್ರ ಗಿಯರ್ ಪೆಟ್ಟಿಗೆಯ ಹೊರತುದಿಯ ಸುತ್ತುಗಳನ್ನು ಎಣಿಸುತ್ತದೆ, ಚಕ್ರದ ಸುತ್ತುಗಳನ್ನಲ್ಲ. ಅನುಪಾತ 4.1 ಇದ್ದದ್ದು 4.56 ಆದರೆ, 100 ಕಿಲೋಮೀಟರ್ ಓಡಿದ ವಾಹನ 111 ಎಂದು ತೋರಿಸುತ್ತದೆ. ಲೀಟರಿಗೆ 11 ಕೊಡುತ್ತಿದ್ದುದು 12 ದಾಟಿದಂತೆ ಕಾಣುತ್ತದೆ. ಟ್ಯಾಂಕಿನಲ್ಲಿ ಮಾತ್ರ ಒಂದು ಹನಿಯೂ ಉಳಿದಿರುವುದಿಲ್ಲ. ಆದುದರಿಂದ ಅಳತೆ ಮಾಡುವುದಾದರೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿ, ಅದೇ ದಾರಿಯಲ್ಲಿ ಅದೇ ಹೊರೆಯೊಡನೆ ಹಲವು ಸಲ ಅಳೆಯಬೇಕು. ಈ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಲಿ.

ಹಾಗಾದರೆ ಉಳಿತಾಯ ಎಲ್ಲಿದೆ? ತೂಕದಲ್ಲಿದೆ. ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹಸಿ ಸಗಣಿಯಲ್ಲಿ ಸುಮಾರು ಶೇಕಡಾ 80 ನೀರಿರುತ್ತದೆ. ಹಸಿ ಗೊಬ್ಬರವನ್ನು ಘಟ್ಟ ಹತ್ತಿಸುವುದೆಂದರೆ, ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ ಊರಿಗೆ ಡೀಸೆಲ್ ಸುಟ್ಟು ನೀರು ಹೊತ್ತಂತೆ. ನೆರಳಿನಲ್ಲಿ ಚೆನ್ನಾಗಿ ಕಳಿತು ನೀರಾರಿದ ಗೊಬ್ಬರವನ್ನು ತಂದು, ಒಂದು ಹೊರೆಯಲ್ಲಿ 300 ಕಿಲೋಗ್ರಾಂ ನೀರು ಇಳಿಸಿದರೆ, ಏರಿಕೆಯ ಡೀಸೆಲಿನಲ್ಲಿ ಹತ್ತನೆಯ ಒಂದು ಪಾಲು ಉಳಿಯುತ್ತದೆ. ನಮ್ಮ ಸೊಪ್ಪು, ದರಕು, ಸಗಣಿಯಿಂದ ಇಲ್ಲಿಯೇ ಕಾಂಪೋಸ್ಟು ಮಾಡಿಕೊಂಡರೆ ಆ ಪ್ರಯಾಣವೇ ಬೇಡ. ಇಬ್ಬರ ಅರೆಹೊರೆಗಳನ್ನು ಒಂದೇ ಸಲ ಸಾಗಿಸುವುದು, ಖಾಲಿ ಹಿಂತಿರುಗದಂತೆ ನೋಡಿಕೊಳ್ಳುವುದು, ಟಯರಿನ ಗಾಳಿಯನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು, ಇವುಗಳಿಗೆ ವಂತಿಗೆ ಬೇಕಿಲ್ಲ.

ಆಕ್ಸಲನ್ನು ಮುಟ್ಟುವುದು ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ಹಣದಲ್ಲಿ ಬ್ರೇಕು, ಟಯರುಗಳನ್ನು ಸರಿಪಡಿಸಿ, ಉಳಿದದ್ದರಲ್ಲಿ ಗೊಬ್ಬರಕ್ಕೊಂದು ಮಾಡು ಕಟ್ಟಿಸೋಣ. ತೀರ್ಮಾನ ತಮ್ಮದು.